ದೊಡ್ಡಮ್ಮನ ಹಲ್ಲು

ಆ ತೊಟ್ಟು ಬೀಳುವ ಮುಂಚೆ ಉದ್ದವಾಗುತ್ತದೆ, ಸೊಂಟ ಸಣ್ಣದಾಗುತ್ತದೆ, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ, ಆಮೇಲೆ ಬೋಗುಣಿಗೆ, ಸದ್ದೇ ಇಲ್ಲ, ಎಣ್ಣೆಯ ಮೇಲೆ ಎಣ್ಣೆ ಬಿದ್ದರೆ ಸದ್ದೆಲ್ಲಿಂದ ಬರಬೇಕು, ಅಥವಾ ಸದ್ದಿದೆಯೋ ಏನೋ, ಇರುವ ಸದ್ದನ್ನು ಬಿಟ್ಟು ಇಲ್ಲದ ಸದ್ದು ಕೇಳುವ ಕಿವಿ ನನ್ನದು ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ, ಹೇಳದೆ ಇರುವುದಕ್ಕೆ ಎಲ್ಲರೂ ಎಷ್ಟು ಕಷ್ಟಪಡುತ್ತಿದ್ದಾರೆ — ಟಾರ್ಚು ಈ ಕಡೆ ಟೀಚರಮ್ಮ, ನನ್ನ ಮೂಗಲ್ಲೇನೂ ಕೆಟ್ಟಿಲ್ಲ, ಅನ್ನುತ್ತಾರೆ ಇವರು ಕಾರಿನ ಕೆಳಗಿನಿಂದ, ಎರಡು ಕಾಲು ಮಾತ್ರ ಆಚೆ, ಒಂದರಲ್ಲಿ ಚಪ್ಪಲಿ ಇದೆ ಇನ್ನೊಂದರಲ್ಲಿಲ್ಲ, ಮದುವೆಯಾದ ಹೊಸದರಲ್ಲೂ ನಾನು ಈ ಕಾಲುಗಳನ್ನು ಹೆಚ್ಚಾಗಿ ನೋಡಿದ್ದು ಹೀಗೆಯೇ, ಆಗ ಮಾತಿಗೆ ತಕ್ಕಂತೆ ಬೆರಳುಗಳೂ ಆಡುತ್ತಿದ್ದವು, ಈಗ ಆಡುವುದಿಲ್ಲ, ಮಾತನ್ನು ಬಾಯಿಗೇ ಬಿಟ್ಟುಬಿಟ್ಟಿವೆ — ಟಾರ್ಚು ಸರಿಮಾಡುತ್ತೇನೆ, ಬೆಳಕು ಬಿದ್ದ ಕಡೆ ಎಣ್ಣೆಗೆ ಜೇನಿನ ಬಣ್ಣ, ವಾಸನೆ ಮಾತ್ರ ಆಗತಾನೆ ಆರಿಸಿದ ಬೆಂಕಿಕಡ್ಡಿಯದು, ಬೋಗುಣಿಯ ಅಂಚಿನಲ್ಲಿ ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿ ನೋಡುತ್ತೇನೆ, ಏನಾದರೂ ಮಿನುಗಲಿ, ಒಂದೇ ಒಂದು ಚೂರು ಸಾಕು, ಒಳಗೆ ಚಕ್ರದ ಹಲ್ಲು ಸವೆದಿದ್ದರೆ ಎಣ್ಣೆಯಲ್ಲಿ ಬೆಳ್ಳಿಯ ಪುಡಿ ತೇಲುತ್ತದೆ ಎಂದು ಹೇಳಿಕೊಟ್ಟವರು ಇವರೇ, ನನ್ನ ಬೆರಳ ಮೇಲೆ ಏನೂ ಇಲ್ಲ, ನುಣ್ಣಗಿದೆ, ತಲೆಗೆ ಹಚ್ಚಿಕೊಳ್ಳಬಹುದು ಅಷ್ಟು ಚೊಕ್ಕ, ಕಾರು ಓಡಿಸುವವಳು ಎಣ್ಣೆ ಚೊಕ್ಕವಾಗಿದ್ದರೆ ಸಂತೋಷಪಡಬೇಕು, ನಾನು ಇನ್ನೊಂದು ಕಡೆ ಬೆರಳದ್ದುತ್ತೇನೆ, ಮತ್ತೊಂದು ಕಡೆ. ಹೇಗಿದೆ ಎಣ್ಣೆ, ಅನ್ನುತ್ತಾರೆ. ಚೆನ್ನಾಗಿದೆ, ಅನ್ನುತ್ತೇನೆ. ಎಣ್ಣೆ ನೋಡಿ ಏನೂ ಹೇಳಕ್ಕಾಗಲ್ಲ ಕಣೇ, ಚೂರುಪಾರೆಲ್ಲ ತಳದಲ್ಲೇ ಕೂತಿರತ್ತೆ, ಅನ್ನುತ್ತಾರೆ, ಅಂಗಾತ ಮಲಗಿದ್ದಲ್ಲೇ ನನಗೊಂದು ಊರುಗೋಲು ಹುಡುಕಿಕೊಟ್ಟರು, ಎಷ್ಟು ಬೇಗ.

ದೊಡ್ಡಮ್ಮ ಎಂದರೆ ಈ ಕಾರು, ಇವರ ದೊಡ್ಡಮ್ಮನದಾಗಿತ್ತು, ಆ ಮಹಾತಾಯಿ ಹೋದಮೇಲೆ ಕಾರು ನಮಗೆ ಬಂತು, ಹೆಸರು ಕಾರಿಗೇ ಉಳಿಯಿತು, ಅದೇ ಅಗಲ ಹಿಂಭಾಗ, ಅದೇ ದುಂಡು ಕಣ್ಣು, ಬೆಳಿಗ್ಗೆ ನಾಲ್ಕು ಸಲ ಕೆಮ್ಮದೆ ಏಳುವುದಿಲ್ಲ, ಇವರ ಕಣ್ಣಿಗೆ ಆಪರೇಷನ್ ಆದಮೇಲೆ ಓಡಿಸುವವಳು ನಾನು, ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುವವರು ಇವರು, ಅವತ್ತು ಸೇತುವೆ ಇಳಿಯುವಾಗ ಪೆಡಲಿನಿಂದ ಕಾಲು ತೆಗೆದೆ ನೋಡಿ, ಆಗ ಬಂತು, ನನ್ನ ಬೆನ್ನ ಹಿಂದಿನಿಂದ, ಒಂದು ಊಳು, ಬಾಗಿಲು ಹಾಕಿದ ಕೋಣೆಯಲ್ಲಿ ಯಾರೋ ಒಂದೇ ಸ್ವರ ಹಿಡಿದು ಬಿಡದೆ ಎಳೆಯುತ್ತಿರುವ ಹಾಗೆ, ಕಾಲು ಒತ್ತಿದರೆ ಇಲ್ಲ, ತೆಗೆದರೆ ಮತ್ತೆ, ಕೇಳ್ತಾ ಇದೆಯಾ ರೀ, ಇವರು ಗಾಜು ಇಳಿಸಿದರು, ಏರಿಸಿದರು, ಕುತ್ತಿಗೆ ಹಿಂದಕ್ಕೆ ತಿರುಗಿಸಿ ಕಣ್ಣು ಮುಚ್ಚಿ ಕೂತರು, ಹೂಂ, ಏನೋ ಇದ್ದ ಹಾಗಿದೆ, ಅಂದರು, ಆ ಹೂಂ ಅನ್ನು ಆವತ್ತಿನಿಂದ ನಾನು ಎಷ್ಟು ಸಲ ಬೆಳಕಿಗೆ ಹಿಡಿದು ನೋಡಿಲ್ಲ, ಅದು ಕೇಳಿಸಿದವರ ಹೂಂ ಹೌದೋ, ಹೆಂಡತಿಯ ಮಾತು ಬಿದ್ದುಹೋಗದಿರಲಿ ಎಂದು ಕೈಯೊಡ್ಡಿದವರ ಹೂಂ ಹೌದೋ, ಗ್ಯಾರೇಜಿನವನು ಎರಡು ಸುತ್ತು ಓಡಿಸಿಕೊಂಡು ಬಂದು, ನನಗೇನೂ ಕೇಳಿಸಲಿಲ್ಲ ಅಮ್ಮ, ಆದ್ರೂ ನೀವು ಹೇಳ್ತೀರ ಅಂದ್ಮೇಲೆ ಒಂದಷ್ಟು ಗ್ರೀಸ್ ಹಾಕಿದೀನಿ, ಅಂದ, ಪಾಪ, ಅವನದೂ ಒಳ್ಳೆಯ ಮನಸ್ಸು, ಗ್ರೀಸಿನಷ್ಟು ಒಳ್ಳೆಯ ಮನಸ್ಸು, ಮಗಳು ಹಿಂದಿನ ಸೀಟಿನಲ್ಲಿ ಕೂತು ಊರೆಲ್ಲ ಸುತ್ತಿದಳು, ಹೊಸ ಟೈರಮ್ಮ, ಹೊಸ ಟೈರು ಸ್ವಲ್ಪ ದಿನ ಹಾಗೇ ಗುಂಯ್ ಅನ್ನತ್ತೆ, ಅಂದಳು, ಅನ್ನುವಾಗ ನನ್ನ ಮುಖ ನೋಡಲಿಲ್ಲ, ಕನ್ನಡಿಯಲ್ಲಿ ಅವಳ ಕಣ್ಣು ಅಪ್ಪನ ಕಣ್ಣನ್ನು ಹುಡುಕಿದ್ದು ನನಗೆ ಕಂಡಿತು, ಓಡಿಸುವವಳಿಗೆ ಕನ್ನಡಿ ಇರುತ್ತದೆ ಎಂಬುದನ್ನು ಹಿಂದೆ ಕೂತವರು ಮರೆಯುತ್ತಾರೆ.

ಟೈರಿನ ಮಾತಲ್ಲ ಅದು, ನನಗೆ ಗೊತ್ತು, ಶಾಲೆಯ ಗೇಟಿನ ಮಾತು, ತರಕಾರಿ ತರಲು ಹೋದವಳು ಮನೆಯ ತಿರುವು ದಾಟಿ ಹೋಗಿ ನಾನು ಚಿತ್ರಕಲೆ ಕಲಿಸುತ್ತಿದ್ದ ಶಾಲೆಯ ಮುಂದೆ ಕಾರು ನಿಲ್ಲಿಸಿ, ಗಂಟೆ ಹೊಡೆಯಲಿ ಒಳಗೆ ಹೋಗೋಣ ಎಂದು ಕೂತಿದ್ದೆ, ನಿವೃತ್ತಳಾಗಿ ಎಷ್ಟೋ ವರ್ಷವಾದಮೇಲೆ, ಸೀಟಿನ ಮೇಲೆ ಸೊಪ್ಪು ಬಾಡುತ್ತಿತ್ತು, ಅಲ್ಲಿಯ ಕಾವಲುಗಾರ ಬಂದು ಗುರುತು ಹಿಡಿದು, ಟೀಚರ್, ಬಿಸಿಲು ಜಾಸ್ತಿ, ಒಂದು ಲೋಟ ನೀರು ಕುಡೀರಿ, ಎಂದು ಕೊಟ್ಟು, ಯಾಕೆ ಬಂದಿರಿ ಎಂದು ಕೇಳದೆ, ನಾನು ನೀರು ಕುಡಿಯುತ್ತಿರುವಾಗ ಇವರಿಗೆ ಫೋನು ಮಾಡಿದ, ಕೇಳದೆ ಇದ್ದನಲ್ಲ ಅದನ್ನು ನಾನು ಮರೆಯುವುದಿಲ್ಲ, ಬೇರೆ ಏನನ್ನು ಮರೆತರೂ, ಮಗಳು ಆವತ್ತು ಏನೂ ಅನ್ನಲಿಲ್ಲ, ಮಾರನೆಯ ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ಅಮ್ಮ, ಒಂದು ಸಲ ತೋರಿಸೋಣ, ನನ್ನ ಜೊತೆ ಓದಿದವಳ ಅಕ್ಕ ನರದ ಡಾಕ್ಟರು, ಬರೀ ಮಾತಾಡಿಸ್ತಾಳೆ ಅಷ್ಟೇ, ಅಂದಳು, ಬರೀ ಮಾತಾಡಿಸುವುದಕ್ಕೆ ನೀನಿದ್ದೀಯಲ್ಲ, ಅಂದೆ ನಾನು, ಇವರು ಪೇಪರಿನ ಹಿಂದಿನಿಂದ, ಮೊದಲು ಗಡಿಗೆ ಬಿಚ್ಚಿ ನೋಡೋಣ, ಅಂದರು. ಗಡಿಗೆ ಎಂದರೆ ಎರಡು ಹಿಂದಿನ ಚಕ್ರಗಳ ನಡುವೆ ಉಬ್ಬಿಕೊಂಡಿರುವ ಆ ಡಿಫರೆನ್ಷಿಯಲ್ಲು, ಇವರ ಬಾಯಲ್ಲಿ ಮಾತ್ರ ಗಡಿಗೆ. ಈ ಮನೆಯ ಪದ್ಧತಿಯೇ ಹಾಗೆ, ಸದ್ದು ಕೇಳಿಸಿತು ಎಂದವರ ಜೊತೆ ವಾದ ಮಾಡುವಂತಿಲ್ಲ, ಬಿಚ್ಚಿ ನೋಡಬೇಕು, ಫ್ರಿಜ್ಜು ಬಿಚ್ಚಿದ್ದಾರೆ, ಗೋಡೆ ಗಡಿಯಾರ ಬಿಚ್ಚಿದ್ದಾರೆ, ಮಗಳು ಪುಟ್ಟವಳಿದ್ದಾಗ ದಿಂಬಿನೊಳಗೆ ಯಾರೋ ಮಾತಾಡ್ತಾರೆ ಎಂದು ಅತ್ತದ್ದಕ್ಕೆ ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯನ್ನೆಲ್ಲ ಹಾಸಿಗೆಯ ಮೇಲೆ ಹರಡಿ, ನೋಡು ಪುಟ್ಟಿ, ನೀನೇ ಕೈಯಾಡಿಸಿ ನೋಡು, ಎಂದು ತೋರಿಸಿ ಮತ್ತೆ ತುಂಬಿ ಹೊಲಿದುಕೊಟ್ಟಿದ್ದರು, ಆ ಪುಟ್ಟಿಯೇ ಈಗ ಸೊಂಟದ ಮೇಲೆ ಕೈಯಿಟ್ಟುಕೊಂಡು, ಸರಿ ಅಪ್ಪ, ಬಿಚ್ಚಿ, ಒಳಗೆ ಏನಾದ್ರೂ ಕೆಟ್ಟಿದ್ರೆ ಡಾಕ್ಟರ ಹೆಸರೇ ಎತ್ತಲ್ಲ, ಏನೂ ಇಲ್ಲದಿದ್ರೆ ಸೋಮವಾರ ಅಮ್ಮ ನನ್ನ ಜೊತೆ ಬರಬೇಕು, ಅಂದಳು, ನಾನು ಒಪ್ಪಿದೆ, ಒಪ್ಪುವಾಗ ಧೈರ್ಯವಿತ್ತು, ಸೋಮವಾರ ಎಂದರೆ ನಾಳೆ. ಮತ್ತೆ ಇನ್ನೊಂದಿದೆ, ಅದನ್ನು ಇವರಿಗೂ ಹೇಳಿಲ್ಲ, ಹೋದ ವಾರ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಬಂತು, ಅದೇ ಊಳು, ಅದೇ ಸ್ವರ, ಕಾರು ಶೆಡ್ಡಿನಲ್ಲಿ ತಣ್ಣಗೆ ಮಲಗಿತ್ತು, ಪಕ್ಕದ ಮನೆಯ ನೀರಿನ ಪಂಪು ಎಂದುಕೊಂಡೆ, ಪಂಪೇ ಇರಬೇಕು, ಗೋಡೆಯ ಆಚೆ ಬಗ್ಗಿ ನೋಡಲಿಲ್ಲ, ನೋಡಿದ್ದರೆ ಪಂಪು ನಿಂತಿದೆಯೋ ಓಡುತ್ತಿದೆಯೋ ತಿಳಿದುಬಿಡುತ್ತಿತ್ತು, ಒದ್ದೆ ದಿಂಬಿನ ಚೀಲ ಹಿಡಿದುಕೊಂಡು ಗೋಡೆಗೆ ಬೆನ್ನು ಮಾಡಿ ನಿಂತೇ ಇದ್ದೆ.

ಮೊಣಕಾಲು ನೋಯುತ್ತಿದೆ, ಆದರೂ ಕೆಳಗೆ ಗೋಣಿಚೀಲವಿದೆ, ನಾಲ್ಕು ಮಡಿಕೆ, ನಾನು ಬರುವ ಮುಂಚೆಯೇ ಇವರು ಹಾಸಿಟ್ಟದ್ದು, ಚಕ್ರಗಳು ಗೋಡೆಗೊರಗಿವೆ, ದೊಡ್ಡಮ್ಮ ಮರದ ದಿಮ್ಮಿಗಳ ಮೇಲೆ ಹಿಂಭಾಗ ಎತ್ತಿಕೊಂಡು ನಿಂತಿದ್ದಾಳೆ, ನಾಚಿಕೆ ಇಲ್ಲದೆ, ಗಾಲಿಗಳನ್ನು ತಿರುಗಿಸುವ ಎರಡು ಪಕ್ಕದ ಉದ್ದ ಕಂಬಿಗಳನ್ನು ಆಗಲೇ ಎಳೆದು ತೆಗೆದಾಯಿತು, ಬಲಗಡೆಯದು ಸುಲಭವಾಗಿ ಬಂತು, ಎಡಗಡೆಯದು ಬರಲೊಲ್ಲೆ ಎಂದಿತು, ಇವರು ಮುಂದಿನಿಂದ ಎಳೆದರು, ನಾನು ಇವರ ಸೊಂಟ ಹಿಡಿದು ಎಳೆದೆ, ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಪ್ಪ, ಹಲ್ಲು ಕೀಳೋದಾದ್ರೆ ನನ್ನನ್ನ ಕರೀರಿ, ನನ್ನ ಕಸುಬು ಅದು, ಅಂದಳು, ಹಲ್ಲಿನ ಡಾಕ್ಟರಲ್ಲವೇ, ನೀನು ಚುಚ್ಚುಮದ್ದು ಕೊಟ್ಟು ಕೀಳ್ತೀಯ ಕಣೇ, ನಾವು ಎಚ್ಚರದಲ್ಲೇ ಕೀಳೋರು, ಅಂದರು ಇವರು, ಅಷ್ಟರಲ್ಲಿ ಕಂಬಿ ಸಡಿಲಾಗಿ ನಾವಿಬ್ಬರೂ ಗೋಡೆಗೆ, ನಗು, ಮೂವರಿಗೂ ನಗು, ನಗುವಾಗ ನನಗೆ ಏನೂ ನೆನಪಿರಲಿಲ್ಲ, ಸೋಮವಾರವೂ. ಈಗ ಗಡಿಗೆಯ ಸುತ್ತಲಿನ ನಟ್ಟುಗಳು, ಒಂದೊಂದೂ ಪಾನಾಕ್ಕೆ ಸಿಕ್ಕಿ ಕಿರ್ ಅಂದು ಬಿಡುತ್ತದೆ, ನಟ್ಟುಗಳನ್ನು ನಾನು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ, ಟಣ್, ಟಣ್, ಈ ಸದ್ದುಗಳೆಲ್ಲ ಸರಿಯಾಗಿವೆ, ಇವು ಇವೆ, ಕಣ್ಣೆದುರಿಗೆ ಕೈಯಿಂದ ಬಿದ್ದು ಆಗುವ ಸದ್ದುಗಳು, ಸದ್ದಿಗೊಂದು ಬಾಯಿ ಇರಬೇಕು ಟೀಚರಮ್ಮ ಎಂದು ಹೊಸದರಲ್ಲಿ ಪಾಠ ಹೇಳಿದ್ದರು, ನನಗೆ ಡ್ರೈವಿಂಗು ಕಲಿಸುವಾಗ, ಉದ್ದ ಶಾಫ್ಟು ತಿರುಗಿದರೆ ಅದರ ತುದಿಯ ಚಿಕ್ಕ ಚಕ್ರ ತಿರುಗುತ್ತೆ, ಅದು ಹಲ್ಲಿಗೆ ಹಲ್ಲು ಕೊಟ್ಟು ದೊಡ್ಡ ಚಕ್ರ ತಿರುಗಿಸುತ್ತೆ, ದೊಡ್ಡದು ಎರಡೂ ಗಾಲಿ ತಿರುಗಿಸುತ್ತೆ, ಹಲ್ಲು ಸವೆದರೆ ಊಳಿಡುತ್ತೆ, ಹಲ್ಲು ಮುರಿದರೆ ಊಳಿಡಲ್ಲ, ಟಕ್ ಟಕ್ ಅನ್ನುತ್ತೆ, ಸುತ್ತಿಗೊಂದು ಸಲ, ಎರಡನ್ನೂ ಬಾಯಲ್ಲೇ ಮಾಡಿ ತೋರಿಸಿದ್ದರು, ರಸ್ತೆಯ ಪಕ್ಕ ಕಾರು ನಿಲ್ಲಿಸಿಕೊಂಡು, ಹೊಸ ಹೆಂಡತಿಯ ಎದುರು ನಾಯಿಯ ಹಾಗೆ ಊಳಿಟ್ಟು, ದಾರಿಹೋಕರು ತಿರುಗಿ ನೋಡಿದ್ದರು, ಸವೆದರೆ ಊಳು, ಮುರಿದರೆ ಟಕ್, ಪರೀಕ್ಷೆಗೆ ಕೇಳ್ತೀನಿ, ಅಂದಿದ್ದರು. ಜಾಕು ಹಿಡ್ಕೋ, ನಿಧಾನ, ನಿಧಾನ, ಇಳಿಸು ಇಳಿಸು, ಅನ್ನುತ್ತಾರೆ ಈಗ ಕೆಳಗಿನಿಂದ, ಗಡಿಗೆಯ ಹೊಟ್ಟೆಯೊಳಗಿನದು ಇಡಿಯಾಗಿ ಮುಂದಕ್ಕೆ ಜಾರಿ ಜಾಕಿನ ಮೇಲೆ ಇಟ್ಟ ಹಳೆಯ ದಿಂಬಿಗೆ ಕೂರುತ್ತದೆ, ಎಣ್ಣೆ ಸುರಿಸುತ್ತ, ಕಪ್ಪಗೆ, ಭಾರವಾಗಿ, ಹೆರಿಗೆಯಾದ ಹಾಗೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಇವರು ಕಾರಿನ ಕೆಳಗಿಂದ ತೆವಳಿಕೊಂಡು ಬಂದು ಕೂತು, ಉಸಿರು ಎಳೆದುಕೊಳ್ಳುತ್ತ, ಹೆಣ್ಣು ಮಗು ಟೀಚರಮ್ಮ, ಅನ್ನುತ್ತಾರೆ, ಒಂದೇ ಹೊತ್ತಿಗೆ ಒಂದೇ ಯೋಚನೆ, ಇನ್ನೂ ಆಗುತ್ತದೆ, ನನ್ನ ತಲೆ ಇನ್ನೂ ಇವರ ತಲೆಯ ಪಕ್ಕದಲ್ಲೇ ಇದೆ, ಎಲ್ಲೂ ಹೋಗಿಲ್ಲ, ಅಲ್ಲವೇ.

ಮೂವರೂ ಹಿಡಿದು ಮೇಜಿನ ಮೇಲೆ ಇಟ್ಟೆವು, ಮಗಳು ಕೈ ತೊಳೆಯಲು ಒಳಗೆ ಹೋದಳು, ಅಪ್ಪನ ಹಣೆಯ ಬೆವರನ್ನು ತನ್ನ ತೋಳಿನಿಂದ ಒರೆಸಿಯೇ ಹೋದಳು, ಇವರು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ದೊಡ್ಡ ಚಕ್ರದ ಹಲ್ಲುಗಳನ್ನು ಒರೆಸಲು ಶುರುಮಾಡುತ್ತಾರೆ, ಕೂಸಿನ ಕಿವಿ ಒರೆಸುವ ಹಾಗೆ, ಸಂದಿಸಂದಿಗೆ ಬೆರಳು ತೂರಿಸಿ, ಇದು ಹೋದ್ರೆ ಇನ್ನೊಂದಿಲ್ಲ ಗೊತ್ತಾ, ಈ ಚಕ್ರ ಮಾಡೋದನ್ನ ನಿಲ್ಲಿಸಿ ಯಾವ ಕಾಲ ಆಯ್ತೋ, ಇದಿರೋವರೆಗೆ ದೊಡ್ಡಮ್ಮ, ಅನ್ನುತ್ತಾರೆ, ನಾನು ಟಾರ್ಚು ಹಿಡಿದಿದ್ದೇನೆ, ಒಂದು ಹಲ್ಲು ಒರೆಸುತ್ತಾರೆ, ಬೂದು ಬಣ್ಣದ ನುಣುಪು, ಕೊಡೆಯ ಕಡ್ಡಿಯ ಹಾಗೆ ಓರೆಯಾಗಿ ಬಾಗಿದ ಹಲ್ಲು, ಚೆನ್ನಾಗಿದೆ, ಇನ್ನೊಂದು, ಚೆನ್ನಾಗಿದೆ, ಮತ್ತೊಂದು, ಎಷ್ಟು ಚೆನ್ನಾಗಿವೆ ಈ ಹಾಳು ಹಲ್ಲುಗಳು, ಒಂದಾದರೂ ಸವೆದಿರಬಾರದೇ, ಒಂದು ಗೀರು, ಒಂದು ತಗ್ಗು, ಅರ್ಧ ಶತಮಾನ ತಿರುಗಿದ್ದೀರಲ್ಲ, ನಿಮಗೇನೂ ಆಗಲಿಲ್ಲವೇ, ನಮಗೆಲ್ಲ ಆಯಿತಲ್ಲ, ಇವರು ಚಕ್ರವನ್ನು ಒಂದೊಂದೇ ಹಲ್ಲಿನಷ್ಟು ತಿರುಗಿಸುತ್ತಾರೆ, ಬೇರಿಂಗು ಬೆಣ್ಣೆಯ ಹಾಗೆ ಹೊರಳುತ್ತದೆ, ಕಿವಿ ಹತ್ತಿರ ತಂದು ಕೇಳುತ್ತಾರೆ, ಅಲ್ಲಾಡಿಸಿ ನೋಡುತ್ತಾರೆ, ಸಡಿಲವಿಲ್ಲ, ಒರೆಸುವುದು ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ, ಸುತ್ತು ಮುಗಿದು ಮೊದಲಿನ ಹಲ್ಲು ಮತ್ತೆ ಬಂದಿದೆ, ನನಗೆ ಗೊತ್ತಾಗಿದೆ, ಇವರಿಗೂ ಗೊತ್ತಾಗಿದೆ, ಅದರ ಮೇಲೊಂದು ತುಕ್ಕಿನ ಚುಕ್ಕೆ ಇತ್ತು, ಅದೇ ಚುಕ್ಕೆ, ನಾವಿಬ್ಬರೂ ಅದನ್ನು ನೋಡುತ್ತ ನಿಂತಿದ್ದೇವೆ, ಕಾರಿನ ಕೆಳಗೆ ಎಲ್ಲೋ ಉಳಿದ ಎಣ್ಣೆ ತೊಟ್ಟಿಕ್ಕುತ್ತಿರಬೇಕು. ಆಮೇಲೆ ಇವರು ಬಟ್ಟೆ ಕೆಳಗಿಟ್ಟು, ಬರಿಗಣ್ಣಿಗೆ ಕಾಣಲ್ಲ ಬಿಡು, ಬಣ್ಣ ಹಚ್ಚಿ ನೋಡಬೇಕು, ನಿನ್ನ ಹಳದಿ ಬಣ್ಣದ ಟ್ಯೂಬು ಇದೆಯಲ್ಲ, ತಂದುಕೊಡು, ಹಚ್ಚಿ ತಿರುಗಿಸಿದ್ರೆ ಹಲ್ಲು ಹಲ್ಲಿಗೆ ಎಲ್ಲಿ ತಾಗತ್ತೆ ಅಂತ ಬಣ್ಣ ಅಳಿಸಿ ತೋರಿಸತ್ತೆ, ಅನ್ನುತ್ತಾರೆ, ನನ್ನ ಮುಖ ನೋಡುವುದಿಲ್ಲ, ಚಕ್ರವನ್ನೂ ನೋಡುವುದಿಲ್ಲ, ಗೋಡೆಗೆ ತೂಗುಹಾಕಿದ ಉಪಕರಣಗಳ ಕಡೆ ನೋಡುತ್ತಿದ್ದಾರೆ.

ಹಳದಿ, ಹಳದಿ ಎಲ್ಲಿದೆ, ಒಳಕೋಣೆಯ ಕಪಾಟಿನಲ್ಲಿ ಬಣ್ಣದ ಪೆಟ್ಟಿಗೆ, ಮೇಲಿನ ಖಾನೆಯಲ್ಲಲ್ಲ, ಕೆಳಗಿನದರಲ್ಲಿ, ಇಲ್ಲ, ಮೇಲಿನದರಲ್ಲೇ, ಮೊದಲಾಗಿದ್ದರೆ ಎಲ್ಲಿಟ್ಟೆನೋ ಹಾಳಾದ್ದು ಎಂದು ಗೊಣಗಿ ಹುಡುಕುತ್ತಿದ್ದೆ, ಈಗ ಒಂದು ವಸ್ತು ಸಿಗಲಿಲ್ಲವೆಂದರೆ ಅದು ವಸ್ತುವಿನ ಕಥೆಯಲ್ಲ, ನನ್ನ ಕಥೆ, ಸಿಕ್ಕಿತು, ನೀಲಿ, ಹಸಿರು, ಮಣ್ಣಿನ ಕಂದು, ಟ್ಯೂಬುಗಳು ಗಟ್ಟಿಯಾಗಿವೆ, ಒತ್ತಿ ನೋಡಿ ಇಡುತ್ತೇನೆ, ಸೀಮೆಸುಣ್ಣದ ಡಬ್ಬಿಯೂ ಇದರಲ್ಲೇ ಇದೆ, ಶಾಲೆಯಲ್ಲಿ ಮೊದಲ ಪಾಠ ಅದೇ ಮಾಡುತ್ತಿದ್ದೆ, ಒಂದು ಸೀಮೆಸುಣ್ಣ ಮುರಿದು ಎರಡು ಚೂರು ಮೇಜಿನ ಮೇಲಿಟ್ಟು, ನೋಡಿ ಮಕ್ಕಳೇ, ಹೊರಗಿನ ಬಿಳಿ ಬೇರೆ, ಮುರಿದ ಮುಖದ ಬಿಳಿ ಬೇರೆ, ಹೊರಗಿನದಕ್ಕೆ ಕೈ ತಾಗಿದೆ, ಗಾಳಿ ತಾಗಿದೆ, ಮುರಿದ ಮುಖಕ್ಕೆ ಇನ್ನೂ ಏನೂ ತಾಗಿಲ್ಲ, ಬಿಳಿ ಅಂತ ಒಂದೇ ಬಣ್ಣ ಹಚ್ಚಿಬಿಟ್ಟರೆ ಸೊನ್ನೆ ಕೊಡ್ತೀನಿ, ಹುಡುಗಿಯರು ಮೇಜಿನ ಸುತ್ತ ತಲೆಗೆ ತಲೆ ತಾಗಿಸಿ ಬಗ್ಗುತ್ತಿದ್ದರು, ಎಣ್ಣೆ ಹಚ್ಚಿದ ಜಡೆಗಳು — ಠಣ್. ಏನದು, ಶೆಡ್ಡಿನ ಕಡೆಯಿಂದ, ಸುತ್ತಿಗೆಯೇ, ಬಣ್ಣ ಹಚ್ಚುವುದಕ್ಕೆ ಸುತ್ತಿಗೆ ಯಾಕೆ, ಉಸಿರು ಹಿಡಿದು ನಿಲ್ಲುತ್ತೇನೆ, ಏನಿಲ್ಲ, ಆಮೇಲೆ ಮತ್ತೆ, ಠಣ್, ಈ ಸಲ ಗಟ್ಟಿಯಾಗಿ, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ, ಬಂತೇ, ನಿಜವಾಗಿ ಬಂತೇ, ಅಥವಾ ಇದೂ ಪಂಪಿನ ಹಾಗೆಯೇ, ಯಾರನ್ನು ಕೇಳುವುದು, ಮಗಳೇ ಏನಾದರೂ ಸದ್ದಾಯಿತೇ ಎಂದು ಅಡುಗೆಮನೆಗೆ ಹೋಗಿ ಕೇಳಿದರೆ ಆಯಿತು ನನ್ನ ಕಥೆ, ಕೇಳುವುದಿಲ್ಲ, ಹಳದಿ ಟ್ಯೂಬು ಕೈಯಲ್ಲೇ ಇದೆ, ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದೇನೆ, ಒತ್ತಿ ಒತ್ತಿ ಬೆಚ್ಚಗಾಗಿದೆ.

ಇವರು ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಮುಖ ಬಿಳಿಚಿದೆ, ನಗುತ್ತಿದ್ದಾರೆ, ಬಾ ಬಾ, ಬಣ್ಣ ಬೇಡ, ಸಿಕ್ಕೇಬಿಡ್ತು, ಅನ್ನುತ್ತಾರೆ, ನಾನು ಆಗ ಸರಿಯಾಗಿ ನೋಡಲಿಲ್ಲ ಕಣೇ, ಎಣ್ಣೆ ಮೆತ್ತಿಕೊಂಡಿತ್ತು, ಇಲ್ಲಿ ನೋಡು, ಹಲ್ಲು ಮುರಿದಿದೆ, ನಿನ್ನ ಊಳು ಇದೇ, ನೀನು ಹೇಳಿದ್ದೇ ಸರಿ, ಟಾರ್ಚು ಹಿಡಿ, ಹಿಡಿಯುತ್ತೇನೆ, ದೊಡ್ಡ ಚಕ್ರದ ಅಂಚಿನಲ್ಲಿ ಒಂದು ಹಲ್ಲಿನ ಮೂಲೆ ಇಲ್ಲ, ಅಲ್ಲಿ ಬೆಳಕು ಬಿದ್ದು ಕಣ್ಣಿಗೆ ಹೊಡೆಯುತ್ತದೆ, ಬಿಳಿ, ಅಕ್ಕಿಕಾಳಿನಷ್ಟು ಬಿಳಿ, ಸುತ್ತಲೂ ಎಲ್ಲ ಬೂದು, ಎಲ್ಲ ಎಣ್ಣೆಯ ಮಂಕು, ಅದೊಂದು ಜಾಗ ಮಾತ್ರ ಒಣಗಿದೆ, ಒಂದು ಹನಿ ಎಣ್ಣೆ ಇಲ್ಲ, ಗಾಳಿ ತಾಗಿಲ್ಲ, ಕೈ ತಾಗಿಲ್ಲ, ಬಿಳಿ, ಎಂದೋ ಮುರಿದದ್ದಾದರೆ ಇಷ್ಟು ದಿನ ಎಣ್ಣೆಯಲ್ಲಿ ಮುಳುಗಿ ತಿರುಗಿ ಕಪ್ಪಾಗಿರಬೇಕಿತ್ತು, ಉಜ್ಜಿಹೋಗಿ ದುಂಡಗಾಗಿರಬೇಕಿತ್ತು, ಪಕ್ಕದಲ್ಲೇ ತುಕ್ಕಿನ ಚುಕ್ಕೆ, ಈಗ ತಾನೇ ಇಬ್ಬರೂ ನೋಡುತ್ತ ನಿಂತಿದ್ದೆವಲ್ಲ ಅದೇ ಚುಕ್ಕೆಯ ಪಕ್ಕದ ಹಲ್ಲು, ಆಗ ಇಡಿಯಾಗಿತ್ತು, ಇವರು ಬೆನ್ನಿನ ಹಿಂದೆ ಸುತ್ತಿಗೆಯನ್ನು ಬಟ್ಟೆಯ ಕೆಳಗೆ ತಳ್ಳುತ್ತಿದ್ದಾರೆ, ಉಳಿಯ ಹಿಡಿ ಆಚೆ ಕಾಣುತ್ತಿದೆ, ಅಯ್ಯೋ ನನ್ನ ದೇವರೇ, ಆ ಸದ್ದು ನಿಜ, ಇಷ್ಟು ದಿನಕ್ಕೆ ಒಂದು ಸದ್ದು ನಾನು ಸರಿಯಾಗಿ ಕೇಳಿದ್ದೆ, ಅದು ಇದು, ಮುರಿದರೆ ಟಕ್ ಅನ್ನುತ್ತೆ ಸವೆದರೆ ಊಳಿಡುತ್ತೆ, ನೀವೇ ಕಲಿಸಿದ್ದಲ್ಲವೇ, ಆತುರದಲ್ಲಿ ನಿಮ್ಮ ಪಾಠವೇ ನಿಮಗೆ ಮರೆತುಹೋಯಿತೇ, ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೀಗೆಯೇ, ಸುಳ್ಳಿನ ಹಲ್ಲನ್ನೇ ತಪ್ಪಾಗಿ ಆರಿಸುತ್ತಾರೆ, ಇನ್ನೊಂದಿಲ್ಲ ಎಂದಿರಿ, ಇದಿರುವವರೆಗೆ ದೊಡ್ಡಮ್ಮ ಎಂದಿರಿ, ಕೂಸಿನ ಕಿವಿಯ ಹಾಗೆ ಒರೆಸಿದಿರಿ, ಒರೆಸಿದ ಕೈಯಿಂದಲೇ. ಮಗಳು ತಟ್ಟೆಯಲ್ಲಿ ಮೂರು ಲೋಟ ಶರಬತ್ತು ಹಿಡಿದು ಬರುತ್ತಾಳೆ, ಅಪ್ಪನ ಲೋಟಕ್ಕೆ ಮಾತ್ರ ಹೀರುಕೊಳವೆ ಹಾಕಿದ್ದಾಳೆ, ಎಣ್ಣೆ ಕೈಯಲ್ಲಿ ಲೋಟ ಮುಟ್ಟುವುದು ಬೇಡವೆಂದು, ಏನೋ ಬಡಿದ ಹಾಗಾಯ್ತಲ್ಲ ಅಪ್ಪ, ಅನ್ನುತ್ತಾಳೆ, ಪಾನಾ ಬಿತ್ತು, ಅನ್ನುತ್ತಾರೆ ಇವರು, ಬಾ, ನಿಮ್ಮಮ್ಮ ಗೆದ್ದಳು, ಹಲ್ಲಿನ ಡಾಕ್ಟರು ನೀನೇ ಹೇಳು, ಇದು ಮುರಿದಿದೆಯೋ ಇಲ್ಲವೋ, ಅವಳು ಬಗ್ಗುತ್ತಾಳೆ, ಉಗುರಿನ ತುದಿಯಿಂದ ಆ ಬಿಳಿಯ ಅಂಚನ್ನು ಮುಟ್ಟುತ್ತಾಳೆ, ಒಂದು ಸಲ, ಹಗುರವಾಗಿ, ದಿನವೂ ಬಾಯಿಗಳಲ್ಲಿ ಮುಟ್ಟುವ ಹಾಗೆ, ಇವತ್ತು ಮುರಿದದ್ದು ಯಾವುದು ಎಂದೋ ಮುರಿದದ್ದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಉಗುರು ಅಲ್ಲೇ ನಿಲ್ಲುತ್ತದೆ, ತಲೆಯೆತ್ತಿ ಅಪ್ಪನನ್ನು ನೋಡುತ್ತಾಳೆ, ಅವಳ ಕಣ್ಣು ತುಂಬುತ್ತದೆ, ತುಂಬಿದ್ದನ್ನು ಅಲ್ಲೇ ಹಿಡಿದು, ಹೌದಪ್ಪ, ಮುರಿದಿದೆ, ಅನ್ನುತ್ತಾಳೆ, ಅಮ್ಮ ಹೇಳಿದ್ದೇ ಸರಿ, ನಮ್ಮ ಕಿವಿಯೇ ಸರಿಯಿಲ್ಲ, ಮಾತು ಅಂದ್ರೆ ಮಾತು, ನಾಳೆ ಎಲ್ಲೂ ಹೋಗೋದು ಬೇಡ, ಫೋನ್ ಮಾಡಿ ಹೇಳಿಬಿಡ್ತೀನಿ.

ಶರಬತ್ತು ತಣ್ಣಗಿದೆ, ಗೆದ್ದವಳು ಕುಡಿಯುತ್ತಿದ್ದೇನೆ, ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ, ಮಗು ಮೊದಲ ತುತ್ತು ನುಂಗುವುದನ್ನು ನೋಡುವವರ ಹಾಗೆ, ನುಂಗಿಬಿಡಬಹುದು, ಹೌದು ಕಣ್ರೀ ನಾನು ಹೇಳಲಿಲ್ಲವೇ ಎಂದು ನಕ್ಕುಬಿಡಬಹುದು, ಇವರ ಮುಖಕ್ಕೆ ಬಣ್ಣ ವಾಪಸು ಬರುತ್ತದೆ, ಸೋಮವಾರ ಬರೀ ಸೋಮವಾರವಾಗುತ್ತದೆ, ದೊಡ್ಡಮ್ಮ ಇಲ್ಲೇ ದಿಮ್ಮಿಯ ಮೇಲೆ ಕೂತಿರುತ್ತಾಳೆ, ಕೂತೇ ಇರುತ್ತಾಳೆ, ಆಮೇಲೆ ಇನ್ನೊಂದು ದಿನ ಹಿತ್ತಲಲ್ಲಿ ಊಳು ಬರುತ್ತದೆ, ಬಂದೇ ಬರುತ್ತದೆ, ಅದಕ್ಕೆ ಬಾಯಿ ಇಲ್ಲಿರಲಿಲ್ಲ ಎಂದು ಈಗ ಗೊತ್ತಾಯಿತಲ್ಲ, ಆಗ ಇವರು ಎದ್ದು ಹೋಗಿ ಪಕ್ಕದ ಮನೆಯ ಪಂಪು ಒಡೆಯುತ್ತಾರೆಯೇ, ಫ್ರಿಜ್ಜು ಒಡೆಯುತ್ತಾರೆಯೇ, ಗೋಡೆಯ ಗಡಿಯಾರ, ನಾನು ಕೇಳಿದ್ದು ಒಂದೊಂದೂ ನಿಜವಾಗಲೆಂದು ಈ ಮನೆಯಲ್ಲಿ ಒಂದೊಂದನ್ನೂ ತಮ್ಮ ಕೈಯಾರೆ, ಒರೆಸಿ, ಮುದ್ದುಮಾಡಿ, ಉಳಿ ಹಿಡಿದು, ಬೇಡ, ಬೇಡ, ಈ ಕೈಗಳು ಕೂಡಿಸುವ ಕೈಗಳು, ನೋಡಿ ಹೆಬ್ಬೆರಳಲ್ಲಿ ರಕ್ತ ಬಂದಿದೆ, ಉಳಿ ಜಾರಿರಬೇಕು, ಹಿಂದಕ್ಕೆ ಮುಚ್ಚಿಕೊಳ್ಳುತ್ತಿದ್ದಾರೆ, ಕೊಡಿ ಇಲ್ಲಿ, ಅನ್ನುತ್ತೇನೆ, ಸೆರಗಿನ ಚುಂಗು ಸುತ್ತಿ ಒತ್ತಿ ಹಿಡಿಯುತ್ತೇನೆ, ಮುರಿದಿದೆ ರೀ, ನೀವು ಹೇಳಿದ್ದು ಸರಿ, ಚೆನ್ನಾಗಿ ಹುಡುಕಿಕೊಟ್ಟಿರಿ, ಅನ್ನುತ್ತೇನೆ, ಇವರು ಉಸಿರು ಬಿಡುತ್ತಾರೆ, ಪುಟ್ಟೀ, ನಾಳೆ ಎಷ್ಟು ಹೊತ್ತಿಗೆ ಆ ಡಾಕ್ಟರು, ಅನ್ನುತ್ತೇನೆ. ಯಾವ ಡಾಕ್ಟರಮ್ಮ. ಬರೀ ಮಾತಾಡಿಸ್ತಾಳೆ ಅಂದೆಯಲ್ಲ, ಅವಳು. ಬೇಡ ಅಂದ್ನಲ್ಲಮ್ಮ. ಫೋನು ಮಾಡಬೇಡ, ಆಟೋದಲ್ಲಿ ಹೋಗಿಬರೋಣ, ನಿಮ್ಮಪ್ಪನೂ ಬರಲಿ, ನನ್ನ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತಲಿ. ಇವರ ಬೆರಳು ನನ್ನ ಮುಷ್ಟಿಯೊಳಗೆ ಬಿಗಿಯಾಗುತ್ತದೆ, ಹಲ್ಲು ಮುರಿದಿದೆಯಲ್ಲೇ, ಅನ್ನುತ್ತಾರೆ, ನೋಡು, ಸರಿಯಾಗಿ ನೋಡು, ಇಲ್ಲೇ ಇದೆಯಲ್ಲ, ಇನ್ನೊಂದು ಕೈಯಿಂದ ನನ್ನ ಟಾರ್ಚನ್ನು ಅತ್ತ ತಿರುಗಿಸುತ್ತಾರೆ, ನೋಡುತ್ತೇನೆ, ನೋಡುತ್ತಿದ್ದೇನೆ, ನಾಳೆ ಏನು ಕೇಳುತ್ತಾಳೋ, ವಾರ ಯಾವುದು ಅನ್ನುತ್ತಾಳೆ, ಹೇಳುತ್ತೇನೆ, ಮನೆಯಲ್ಲಿ ಯಾರ್ಯಾರು ಅನ್ನುತ್ತಾಳೆ, ಹೇಳುತ್ತೇನೆ, ಮೂರು ವಸ್ತುಗಳ ಹೆಸರು ಹೇಳಿ ಆಮೇಲೆ ಕೇಳುತ್ತೇನೆ ನೆನಪಿಟ್ಟುಕೊಳ್ಳಿ ಅನ್ನುತ್ತಾಳಂತೆ, ಮೂರು ಯಾಕೆ, ನನಗೆ ಒಂದು ಸಾಕು, ಅದೊಂದು ಹೋಗದಿದ್ದರೆ ಸಾಕು, ಮಿಕ್ಕದ್ದೆಲ್ಲ ಹೋಗಲಿ, ತಿರುವುಗಳು ಹೋಗಲಿ, ಬಣ್ಣಗಳ ಹೆಸರು ಹೋಗಲಿ, ಇದಿರಲಿ, ಈ ಬೂದುಬಣ್ಣದ ನಡುವೆ, ಒಣಗಿದ, ಎಣ್ಣೆ ತಾಗದ, ಅಕ್ಕಿಕಾಳಿನಷ್ಟು, ಬಿಳಿ, ಟಾರ್ಚು ಆರಿಸಿದರೂ ಅಲ್ಲೇ, ಕಣ್ಣು ಮುಚ್ಚಿದರೂ ಅಲ್ಲೇ, ಬಿಳಿ —